ಕತ್ತರಿ ಬಿದ್ದ ಮೂರು ಸಾಲು

ನಮ್ಮ ಬಂದರೂರು ವೋಲೋಸಿನ ಮೀನುಪೇಟೆಯಲ್ಲಿ ನಮ್ಮಣ್ಣ ಸ್ತಾಮೋಸ್ ಬೂತಾಯಿ ಬಂತೆಂದು ಕೂಗಿದರೆ, ಬಂದರಿನ ಆಚೆ ತುದಿಯಲ್ಲಿ ತ್ಸಿಪುರೋ ಸಾರಾಯಿ ಕುಡಿಯುತ್ತ ಕೂತವರು ಲೋಟ ಕೆಳಗಿಡುತ್ತಿದ್ದರು. ಆ ಗಂಟಲಿಗೇ ಕ್ಯಾನ್ಸರ್ ಬಂತು. ಜುಲೈಯಲ್ಲಿ ಧ್ವನಿಪೆಟ್ಟಿಗೆ ತೆಗೆದರು. ಅದಕ್ಕೆ ಮೊದಲು ಅವನು ಕ್ಲಿನಿಕ್ಕಿನಲ್ಲಿ ಕೂತು, ಕೊಟ್ಟ ವಾಕ್ಯಗಳನ್ನೆಲ್ಲ ಓದಿ, ದನಿ ರೆಕಾರ್ಡ್ ಮಾಡಿಸಿ ಕೂಡಿಟ್ಟಿದ್ದ. ಸೆಪ್ಟೆಂಬರಿನಲ್ಲಿ ಅದನ್ನು ಫೋನಿಗೆ ಹಾಕಿಕೊಡುತ್ತೇವೆಂದಿದ್ದರು. ಆಮೇಲೆ ಅವನು ಬರೆದದ್ದನ್ನು ಫೋನು ಅವನದೇ ದನಿಯಲ್ಲಿ ಹೇಳಬೇಕಿತ್ತು.

ಆ ಕ್ಲಿನಿಕ್ಕಿನ ದತ್ತಾಂಶ ಇದ್ದದ್ದು ನಾನು ಕೆಲಸ ಮಾಡುವ ಕಂಪನಿಯಲ್ಲೇ. ಅಲ್ಲಿ ಗಿರಾಕಿಗಳ ತಂತ್ರಾಂಶ ಕಂಪ್ಯೂಟರಿನೊಳಗೆ ಕಂಟೇನರ್ ಎಂಬ ಪ್ರತ್ಯೇಕ ಗೂಡುಗಳಲ್ಲಿ ಓಡುತ್ತದೆ, ದತ್ತಾಂಶ ಬೇರೆ ಸಂಗ್ರಹಗಳಲ್ಲಿರುತ್ತದೆ. ಕಂಟೇನರ್ ನಿಲ್ಲಿಸಿದರೂ ಸಂಗ್ರಹ ಹಾಗೇ ಉಳಿಯುತ್ತದೆ. ಇದನ್ನೆಲ್ಲ ನೋಡಿಕೊಳ್ಳುವುದು ಈಗ ಒಂದು ಎಐ ಏಜೆಂಟ್. ಅದರ ಕೈಗೆ ಕೊಟ್ಟ ಒಂದೊಂದು ಸಾಧನವೂ ಏನು ಮಾಡುತ್ತದೆಂಬ ವಿವರಣೆ ಬರೆಯುವವಳು ನಾನು. ಏಜೆಂಟಿಗೆ ನಮ್ಮೂರೂ ಗೊತ್ತಿಲ್ಲ, ನಮ್ಮ ಆಗಸ್ಟಿನ ರಜೆಯೂ ಗೊತ್ತಿಲ್ಲ. ನಾವು ಬರೆದಷ್ಟೇ ಅದಕ್ಕೆ ತಿಳಿಯುವುದು.

ಜಾಗ ತೆರವು ಮಾಡುವ ಸಾಧನಕ್ಕೆ ನಾನು ನಾಲ್ಕು ಸಾಲು ಬರೆದಿದ್ದೆ: "ಓಡುತ್ತಿರುವ ಯಾವ ಕಂಟೇನರಿಗೂ ಜೋಡಿಸಿರದ ಸಂಗ್ರಹಗಳನ್ನು ಅಳಿಸುತ್ತದೆ. ತಾತ್ಕಾಲಿಕವಾಗಿ ನಿಲ್ಲಿಸಿದ ಕಂಟೇನರಿನ ದತ್ತಾಂಶವೂ ಇದರಲ್ಲಿ ಸೇರುತ್ತದೆ. ಅಳಿಸಿದ್ದು ಮರಳಿ ಬರುವುದಿಲ್ಲ. ಮಾಲೀಕರನ್ನು ಕೇಳದೆ ಬಳಸಬೇಡ."

ನಮ್ಮ ಮುಖ್ಯಸ್ಥ ಇಯಾಸನ್ ಏಜೆಂಟನ್ನು ಕೊಳ್ಳುವವರಿಗೆ ತೋರಿಸಿ ಬಂದವನೇ ನನ್ನ ಮೇಜಿನ ಹತ್ತಿರ ನಿಂತ.

"ಏನ್ರೀ ರೋದಾಂಥಿ, ನಿಮ್ಮ ಏಜೆಂಟು ಹೆಜ್ಜೆಹೆಜ್ಜೆಗೂ ಅಪ್ಪಣೆ ಕೇಳ್ತಾ ನಿಲ್ಲತ್ತಲ್ರೀ!"

"ಅಳಿಸೋಕೆ ಮುಂಚೆ ಕೇಳತ್ತೆ. ಕೇಳ್ಬೇಕಾದ್ದೇ."

"ಬುದ್ಧಿವಂತ ಅಂತ ಹೇಳಿ ಮಾರ್ತಿದೀವಿ, ಇದು ನೋಡಿದ್ರೆ ಪುಕ್ಕಲು. ಮಾನ ಹೋಯ್ತು ನಂದು. ಮೊದಲ್ನೇ ಸಾಲೊಂದಿದ್ರೆ ಸಾಕು."

"ಆಗಸ್ಟಲ್ಲಿ ಅರ್ಧ ಊರು ಎಲ್ಲಾ ನಿಲ್ಸಿ ಸಮುದ್ರಕ್ಕೆ ಹೋಗತ್ತೆ. ಅವರ ಗತಿ?"

"ಅದಕ್ಕೆ ಅಷ್ಟೂ ತಲೆ ಇಲ್ವಾ? ಬಿಡ್ರೀ."

ನಿಂತಲ್ಲೇ ಉಳಿದ ಮೂರು ಸಾಲಿಗೂ ಕತ್ತರಿ ಹಾಕಿದ. ನಾನು ಜಗಳವಾಡಿದೆ, ಮೇಲಿನವರಿಗೂ ಹೇಳಿದೆ. ಅವರು ಅವನ ಪರ ನಿಂತರು.

ಆಗಸ್ಟಿನಲ್ಲಿ ಮೇರಿಯಮ್ಮನ ಹಬ್ಬಕ್ಕೆ ಕ್ಲಿನಿಕ್ಕು ಬಾಗಿಲು ಹಾಕಿತು. ಪ್ರತಿವರ್ಷದಂತೆ ಕಂಟೇನರನ್ನೂ ನಿಲ್ಲಿಸಿ ಹೋದರು. ಆ ವಾರ ನಮ್ಮಲ್ಲಿ ಜಾಗ ಸಾಲದಾಯಿತು. ಏಜೆಂಟ್ ಮೊದಲ ಸಾಲು ಓದಿತು, ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತು: ಕ್ಲಿನಿಕ್ಕಿನ ಸಂಗ್ರಹವನ್ನು ಅಳಿಸಿತು, ಅಣ್ಣನ ದನಿ ಇದ್ದದ್ದು ಅದರಲ್ಲೇ. ದನಿಗಳ ಇನ್ನೊಂದು ಪ್ರತಿ ಇತ್ತು, ಪಕ್ಕದ ಸಂಗ್ರಹದಲ್ಲಿ. ಅದೂ ಅದೇ ಕಂಟೇನರಿನದು, ಜೊತೆಗೇ ಹೋಯಿತು.

ಸೆಪ್ಟೆಂಬರಿನಲ್ಲಿ ಇಯಾಸನ್ ಮತ್ತೆ ಬಂದ. ಈ ಸಲ ದನಿ ತಗ್ಗಿತ್ತು.

"ಆ ಮೂರು ಸಾಲು ವಾಪಸ್ ಹಾಕ್ಬಿಡಿ. ಬದಲಾವಣೆ ಯಾಕೆ ಅನ್ನೋ ಕಡೆ 'ವಿವರಣೆ ಸುಧಾರಿಸಿದೆ' ಅಂತ ಹಾಕಿ, ಸಾಕು."

"ನಮ್ಮಣ್ಣನ ದನಿ?"

"ತುಂಬಾ ಬೇಜಾರಾಯ್ತು ರೀ. ಈಗ ರೆಡಿಮೇಡ್ ದನಿಗಳೂ ಚೆನ್ನಾಗಿರ್ತವೆ."

ಅವನ ಮುಖಕ್ಕೆ ಉಗಿಯಬೇಕೆನ್ನಿಸಿತು. ಉಗಿಯಲಿಲ್ಲ. ಇನ್ನೊಬ್ಬರದ್ದು ಹೋಗಬಾರದೆಂದು ಸಾಲು ಹಾಕಿದೆ, ಮನೆಗೆ ಹೋದೆ.

ಸ್ತಾಮೋಸನಿಗೆ ಎಲ್ಲ ಹೇಳಿದೆ. ಅವನು ಫೋನು ಎತ್ತಿಕೊಂಡು ಬಹಳ ಹೊತ್ತು ಬರೆದು ಗುಂಡಿ ಒತ್ತಿದ. ಅಥೆನ್ಸಿನಲ್ಲಿ ವಾರ್ತೆ ಓದುವವರ ಹಾಗೆ ಒಂದು ನಯವಾದ ರೆಡಿಮೇಡ್ ದನಿ ಹೊರಟಿತು.

"ಆ ನನ್ಮಗ ನನ್ನ ಮೀನಿನ ಕಟ್ಟೆ ಹತ್ರ ಬರ್ಲಿ ರೋದೂ. ಕರುಳು ಬಗೆದು ಬೆಕ್ಕಿಗೆ ಹಾಕ್ತೀನಿ."

ಬೈಗುಳವನ್ನೂ ಅದು ಹವಾಮಾನ ವರದಿಯಂತೆ ಓದಿತು. ಅಡುಗೆಮನೆಯಲ್ಲಿ ಮೀನು ಹುರಿಯುತ್ತಿದ್ದ ಅಮ್ಮ ಅಲ್ಲಿಂದಲೇ ಕೂಗಿದಳು.

"ಯಾರೇ ಅದು, ಯಾರೋ ದೊಡ್ಡೋರು ಬಂದಂಗಿದೆ? ಕೂರ್ಸು, ಬಂದೆ!"

ಸ್ತಾಮೋಸ್ ಫೋನನ್ನು ಮಗುಚಿ ಹಾಕಿದ. ಬಾಯಿ ತೆರೆದ, ಕತ್ತಿನ ತೂತಿನಿಂದ ಬರೀ ಗಾಳಿ ಬಂತು. ಯಾರೂ ಬಂದಿಲ್ಲ ಎಂದು ನಾನಾದರೂ ಹೇಳಬೇಕಿತ್ತು. ಅಷ್ಟರಲ್ಲಿ ಅಮ್ಮ ಕೂದಲು ಸರಿಮಾಡಿಕೊಂಡು, ಅತಿಥಿಗಳಿಗೆಂದೇ ಇಟ್ಟಿದ್ದ ಚೆರ್ರಿ ಪಾಕವನ್ನು ಬೆಳ್ಳಿ ಚಮಚದ ಜೊತೆ ತಟ್ಟೆಯಲ್ಲಿ ಹಿಡಿದು, ನಗುತ್ತ ಬಾಗಿಲಿಗೆ ಬಂದಳು.