ಪುಸಲಾಯಿಸುವ ಚಲುವಮ್ಮ

ಮಾದಿಹಳ್ಳಿಯ ಚಲುವಮ್ಮನಿಗೆ ಏನನ್ನೂ ನೇರವಾಗಿ ಕೇಳಿ ಗೊತ್ತಿರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎಡಗಾಲನ್ನು ತುಸು ಎಳೆಯುತ್ತ ರಸ್ತೆಗೆ ಬಂದು ಕೈ ಅಡ್ಡ ಹಿಡಿದಳೆಂದರೆ ಹಳೇಬೀಡಿನ ಬಸ್ಸು ನಿಲ್ದಾಣವಲ್ಲದ ಕಡೆಯೂ ನಿಲ್ಲುತ್ತಿತ್ತು. "ನೀನು ಓಡಿಸಿದ್ರೆ ಮಡಿಲಲ್ಲಿರೋ ಮಜ್ಜಿಗೆ ಚೊಂಬೂ ಅಲ್ಲಾಡಕ್ಕಿಲ್ಲ ಕಣಪ್ಪ" ಎಂಬ ಮಾತಿಗೆ ಮೀಸೆಯಡಿ ನಗದ ಡ್ರೈವರು ಆ ದಾರಿಯಲ್ಲಿರಲಿಲ್ಲ. ಹೊಗಳಿ, ಒಲಿಸಿ, ತನ್ನ ಕೆಲಸಕ್ಕೆ ಒಪ್ಪಿಸುವ ಈ ವಿದ್ಯೆಯನ್ನು ಊರು ಪುಸಲಾಯಿಸುವುದು ಎಂದು ಕರೆದು, ಆ ಪದವನ್ನು ಅರ್ಧ ಬೈಗುಳದಂತೆ ಬಳಸುತ್ತಿತ್ತು. ಹಾಗೆ ಆಡಿಕೊಂಡವರೂ ಮಗು ಅನ್ನ ಬಿಟ್ಟಾಗ ಕರೆಯುತ್ತಿದ್ದುದು ಅವಳನ್ನೇ, ಅದು ಬೇರೆ ಮಾತು.

ಗಂಡ ಗಿಡ್ಡಯ್ಯನ ಪಾಲಿಗೆ ಅದು ಅಪ್ಪಟ ಸುಳ್ಳುಗಾರಿಕೆ. ಸಾರು ಚೆನ್ನಾಗಿದ್ದರೆ ಇನ್ನೊಂದು ಸೌಟು ಬಡಿಸಿಕೊಳ್ಳುವುದೇ ಆತನ ಪ್ರಶಂಸೆಯ ಪರಮಾವಧಿ.

ತೊಂಬತ್ತೆಂಟರ ಮಾಘದಲ್ಲಿ ಅವರ ಹಸು ಗೌರಿ ಸತ್ತ ಕರು ಹಾಕಿತು. ಅದೇ ವಾರ ಪಕ್ಕದ ಮನೆಯ ದೇವೀರಪ್ಪನ ಹಸು ಸತ್ತು, ಅದರ ಎಳೆಗರು ತಬ್ಬಲಿಯಾಯಿತು. ಆ ಕರುವಿನ ಮೈಗೆ ಉಪ್ಪು, ಬೆಲ್ಲ ಸವರಿ ಚಲುವಮ್ಮ ಗೌರಿಯ ಮುಂದೆ ಬಿಟ್ಟಳು, ನೆಕ್ಕಿದರೆ ತಾಯಿಯಾದಂತೆ. ಗೌರಿ ಒದ್ದಿತು. ಚಲುವಮ್ಮನ ಹೊಗಳಿಕೆಯೆಲ್ಲ ತೀರಿದರೂ ಒದೆ ತೀರಲಿಲ್ಲ. ಸೀಸೆಯ ಹಾಲನ್ನು ಒಲ್ಲದ ಕರು ಸಂಜೆಯ ಹೊತ್ತಿಗೆ ನಿತ್ರಾಣವಾಗಿ ಕುಸಿಯಿತು.

"ಹಿಂಗಾಲಿಗೆ ಹಗ್ಗ ಹಾಕ್ತೀನಿ" ಎಂದ ಗಿಡ್ಡಯ್ಯ.

"ಕಟ್ಟಿದ್ರೆ ಹಾಲು ಮೇಲಕ್ಕೆ ಸೇದ್ಕತಾಳೆ. ಹುಲ್ಲು ಹಾಕಿ ಸಾಕಿದೋರು ನೀವು, ನಿಮ್ಮ ದನಿಗೇ ಅವಳು ಕಿವಿ ನಿಗುರ್ಸೋದು. ನೀವೊಂದು ಮಾತಾಡಿ."

ತನ್ನನ್ನೂ ಪುಸಲಾಯಿಸುತ್ತಿದ್ದಾಳೆಂದು ಗಿಡ್ಡಯ್ಯನಿಗೆ ಚೆನ್ನಾಗಿ ಗೊತ್ತಾಯಿತು. ಆದರೂ ಹೋಗಿ ಗೌರಿಯ ಕೊರಳಡಿ ಜೋಲುವ ಗಂಗೆದೊಗಲು ಸವರುತ್ತ ನಿಂತ. ಕೊರಳ ಹಗ್ಗದ ಗಂಟು ಸಡಿಲಿಸಿದ, ಮತ್ತೆ ಬಿಗಿದ.

"ನೀನು ಬಂದ್ಮೇಲೇ ಕಣವ್ವ ಈ ಮನೆ ಮನೆಯಾಗಿದ್ದು" ಎಂದ ಕೊನೆಗೆ. "ಹೇಳಕ್ಕೆ ಬರಲ್ಲ ನಂಗೆ. ಅಷ್ಟೇಯ."

ಗೌರಿ ಕಿವಿ ನಿಗುರಿಸಿತು. ಕರುವನ್ನು ಮೂಸಿ, ಬೆನ್ನನ್ನು ಒಮ್ಮೆ ನೆಕ್ಕಿ, ರುಚಿ ಹತ್ತಿದಂತೆ ಮತ್ತೆ ನೆಕ್ಕಿತು. ಕೆಚ್ಚಲಿಗೆ ಹಾಲಿಳಿಯಿತು, ಕರು ತಡವರಿಸುತ್ತ ಎದ್ದು ಬಾಯಿ ಹಾಕಿತು. ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ಚಲುವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗಿಡ್ಡಯ್ಯ ತಿರುಗಿ ನೋಡದೆ, "ನಿನ್ನೂ ಸೇರಿಸ್ಕೊಂಡೇ ಹೇಳಿದ್ದು ಕಣೇ" ಎಂದ.

ಇಂಥವರು ಊರಿಗೆಲ್ಲ ಒಳ್ಳೆಯ ಮಾತು ಹಂಚುತ್ತ ನಡೆಯುತ್ತಾರೆ, ಅದರಲ್ಲಿ ಅವರಿಗೇನು ಲಾಭವೆಂದು ನಾವು ಹುಡುಕುತ್ತ ಕೂರುತ್ತೇವೆ. ಅವರಿಗೂ ಅಂಥದೊಂದು ಮಾತು ಬೇಕಿದ್ದೀತೆಂದು ನಮಗೆ ತೋಚುವುದು, ನಮ್ಮ ಪುಣ್ಯ ಚೆನ್ನಾಗಿದ್ದರೆ, ಅವರಿನ್ನೂ ಬಾಗಿಲಲ್ಲಿ ನಿಂತಿರುವಾಗ.