ಮುಟ್ಟದೆ ಕಲಿಸಿದ ಪಾಠ

ಮಗ ಸಂಗ್ರಾಮ ಸತ್ತ ಮೇಲೆ ರಾವಸಾಹೇಬರು ಆ ಹುಲ್ಲಿನ ಪಟ್ಟಿಗೆ ಮೊದಲ ಸಲ ಬಂದದ್ದು ಕಬ್ಬಿನ ಕಟಾವು ಮುಗಿದ ವಾರ.

ಶಿರಗುಪ್ಪಿಯಿಂದ ಕಾಗವಾಡಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿ ಅವರ ಹೊಲ. ಅದರ ಒಂದು ಅಂಚಿನಲ್ಲಿ ಮಗ ಕಬ್ಬು ಕಿತ್ತು ಹುಲ್ಲು ಬೆಳೆಸಿದ್ದ, ಕೊನೆಯಲ್ಲಿ ಎತ್ತರದ ಬಲೆ ಕಟ್ಟಿದ್ದ. ಮಿರಜ, ಇಚಲಕರಂಜಿ ಕಡೆಯ ಡಾಕ್ಟರರು, ಗಿರಣಿ ಮಾಲೀಕರು ರವಿವಾರ ಬೆಳಿಗ್ಗೆ ಕಾರಿನಲ್ಲಿ ಬಂದು ಅಲ್ಲಿ ಅವನ ಹತ್ತಿರ ಗಾಲ್ಫ್ ಕಲಿಯುತ್ತಿದ್ದರು. ಊರಿನವರು ನಕ್ಕು ನಕ್ಕು ಸಾಕಾಗಿ ಸುಮ್ಮನಾಗಿದ್ದರು.

ಒಂದು ಸಂಜೆ, ಹಿಂದೆ ದೀಪವಿಲ್ಲದ ಕಬ್ಬಿನ ಟ್ರೇಲರಿಗೆ ಬೈಕು ಗುದ್ದಿ ಸಂಗ್ರಾಮ ಹೋದ. ಉತ್ತರಕ್ರಿಯೆ ಮುಗಿದ ಮೇಲೆ ಅವನ ಹೆಂಡತಿ ಪ್ರಾಜಕ್ತಾ ಪಾಠ ಮುಂದುವರಿಸಿದಳು. ಪಟ್ಟಿಯ ಮಗ್ಗುಲಿನ ಎರಡು ಕೋಣೆಗಳ ಮನೆಯಲ್ಲೇ ಉಳಿದಳು. ಆಕೆ ನಿಪ್ಪಾಣಿಯ ದಲಿತ ಬೌದ್ಧರ ಮನೆಯ ಹುಡುಗಿ. ಮದುವೆಯಾದಂದಿನಿಂದ ಊರೊಳಗಿನ ದೊಡ್ಡ ಮನೆಯ ಅಡಿಗೆಮನೆಗೆ ಕಾಲಿಟ್ಟವಳಲ್ಲ. ಬರಬೇಡ ಎಂದು ಯಾರೂ ಅಂದಿರಲಿಲ್ಲ. ಬಾ ಎಂದೂ ಅಂದಿರಲಿಲ್ಲ.

ಈಗ ಹೊಲ ಉತ್ತು ಹೊಸದಾಗಿ ಕಬ್ಬು ನೆಡುವ ಕಾಲ. ಪಟ್ಟಿಯನ್ನೂ ಸೇರಿಸಿ ಉಳುವುದೆಂದು ರಾವಸಾಹೇಬರ ತಮ್ಮನ ಮಗ ಭರತ ಹೇಳಿಹೋಗಿದ್ದ. ಟ್ರ್ಯಾಕ್ಟರ್ ಅವನದೇ. ಪಟ್ಟಿ ಹೋದರೆ ಪ್ರಾಜಕ್ತಾಳ ದುಡಿಮೆ ಹೋಗುತ್ತದೆ. ನಿಪ್ಪಾಣಿಗೆ ಹೋಗಿ ತಮ್ಮನ ಮನೆಯ ಮೂಲೆಯಲ್ಲಿ ಕೂರಬೇಕು. ಸಂಗ್ರಾಮ ಇಲ್ಲಿ ಬದುಕಿದ್ದ ಎನ್ನುವುದಕ್ಕೆ ಆಮೇಲೆ ಸಾಕ್ಷಿಯೇ ಇರುವುದಿಲ್ಲ, ಬರೀ ಕಬ್ಬು.

"ಒಂದ ಸಲ ಹೊಡದ ನೋಡ್ರಿ ಮಾವಾರ," ಎಂದಳು. "ಅವರು ದಿನಾ ಇಲ್ಲಿ ಏನ ಮಾಡತಿದ್ರು ನಿಮಗ ಗೊತ್ತಾಗಲಿ. ಆಮ್ಯಾಲ ಬೇಕಾದ್ರ ನೇಗಿಲ ಹೊಡಸ್ರಿ."

ರಾವಸಾಹೇಬರು ಮನೆಯ ಕಡೆ ನಡೆದರು. ಗೋಡೆಗೆ ಒರಗಿಸಿದ್ದ ಸ್ಟಿಕ್ ತೆಗೆದುಕೊಂಡರು. ಹರೆಯದಲ್ಲಿ ತಾವೇ ಕಬ್ಬು ಕಡಿದ ಕೈ ಅವರದು. ಅದೇ ಬಿರುಸಿನಲ್ಲಿ ಬೀಸಿದರು. ಹುಲ್ಲಿನ ಹೆಂಟೆ ಎದ್ದು ಹಾರಿತು. ಚೆಂಡು ಕದಲಲಿಲ್ಲ.

ಬದುವಿನ ಮೇಲೆ ಕೂತಿದ್ದ ಭರತ ನಕ್ಕ. "ದೊಡ್ಡಪ್ಪ, ಚೆಂಡ ಇನ್ನೂ ಅಲ್ಲೇ ಐತ್ರಿ. ಅದಕ್ಕ ಎಚ್ಚರಾನ ಆಗಿಲ್ಲ."

"ಬಾಯಿ ಮುಚ್ಚಲೇ. ದೊಡ್ಡ ಹೊಡಿಯಂವ ಬಂದಾನ."

"ಇದು ಕಬ್ಬ ಕಡಿಯೂದಲ್ರಿ," ಎಂದಳು ಪ್ರಾಜಕ್ತಾ. "ಎಲ್ಲಾ ಬಲಗೈನ ಮಾಡಾಕತ್ತೈತಿ. ಎರಡೂ ಕೈ ಒಂದಾಗಬೇಕ್ರಿ." ಹಿಡಿತ ತಿದ್ದಲು ಆಕೆಯ ಕೈ ಮುಂದೆ ಹೋಯಿತು. ಅವರು ಒಂದು ಹೆಜ್ಜೆ ಹಿಂದೆ ಸರಿದರು.

"ಬಾಯಿಲೆ ಹೇಳು. ಇಲ್ಲಂದ್ರ ಕೋಲಿಲೆ ತೋರಿಸು."

ಸೊಸೆ ಮಾವನನ್ನು ಮುಟ್ಟುವ ರೂಢಿ ಯಾವ ಮನೆಯಲ್ಲೂ ಇಲ್ಲ. ಆಕೆ ಹಾಗೇ ಅಂದುಕೊಳ್ಳಬಹುದಿತ್ತು. ಆದರೆ ಭರತನ ಹೆಂಡತಿ ಇದೇ ಮಾವನಿಗೆ ಪ್ರತಿ ಸಂಜೆ ಕೈಯಿಂದ ಕೈಗೆ ಚಹಾದ ಬಟ್ಟಲು ಕೊಡುವುದನ್ನು ದೊಡ್ಡ ಮನೆಯ ಹೊರಗಿನ ಕಟ್ಟೆಯ ಮೇಲಿಂದ ಪ್ರಾಜಕ್ತಾ ನೋಡಿದ್ದಳು. ಈಗ ಬಲೆಯ ಬಳಿ ಬಿದ್ದಿದ್ದ ಬಿದಿರಿನ ಕೋಲು ತಂದಳು.

ಮರುದಿನ ಬೆಳಿಗ್ಗೆಯೂ ಅವರು ಬಂದರು. ಅದರ ಮರುದಿನವೂ. ಆಕೆ ಕೋಲಿನಿಂದ ನೆಲದಲ್ಲಿ ಗೀರು ಎಳೆದು ಪಾದ ಎಷ್ಟು ಅಗಲಿಸಬೇಕೆಂದು ತೋರಿಸಿದಳು. ಚೆಂಡು ಎಲ್ಲಿರಬೇಕೆಂದು ತೋರಿಸಿದಳು. ಮೊಣಕಾಲಿಗೆ ಕೋಲು ತಾಗಿಸಿ "ಸ್ವಲ್ಪ ಬಗ್ಗಸ್ರಿ" ಎಂದಳು. "ಚೆಂಡ ಹೋದ ಮ್ಯಾಲೂ ತಲಿ ಎತ್ತಬ್ಯಾಡ್ರಿ. ಹಿಂದಕ್ಕ ಒಯ್ಯೂವಾಗ ಸಾವಕಾಶ ಒಯ್ರಿ, ಯಾರೂ ಬೆನ್ನ ಹತ್ತಿಲ್ಲ." ಹೊಸದೇನೂ ಇಲ್ಲ. ಡಾಕ್ಟರರಿಗೆ ಹೇಳುತ್ತಿದ್ದುದೂ ಇಷ್ಟೇ. ನಿಲುವು ತಿದ್ದಿತು, ಬೀಸು ನಿಧಾನವಾಯಿತು. ಚೆಂಡು ಮಾತ್ರ ನೆಲ ಬಿಡಲಿಲ್ಲ, ಹುಲ್ಲಿನಲ್ಲಿ ತೆವಳಿ ನಿಂತಿತು. ಬೆರಳು ಎಷ್ಟು ಬಿಗಿಯಬೇಕು ಎನ್ನುವುದನ್ನು ಕೋಲು ಹೇಳಲಾರದು.

ನಾಲ್ಕನೆಯ ಬೆಳಿಗ್ಗೆ ಭರತ ಇರಲಿಲ್ಲ. ರಸ್ತೆ ಖಾಲಿಯಿತ್ತು. ರಾವಸಾಹೇಬರು ಸ್ಟಿಕ್ ಹಿಡಿದು ಚೆಂಡಿನ ಮುಂದೆ ನಿಂತರು.

"ಕೈ ಹಚ್ಚು," ಎಂದರು, ಮುಖ ಎತ್ತದೆ.

ಆಕೆ ಕೋಲು ಕೆಳಗಿಟ್ಟಳು. ಅವರ ಎಡಗೈ ಬಿಡಿಸಿ ಒಂದೊಂದೇ ಬೆರಳನ್ನು ಸ್ಟಿಕ್ಕಿನ ಹಿಡಿಯ ಸುತ್ತ ಕೂಡಿಸಿದಳು. ಹೆಬ್ಬೆರಳು ಬುಡದಲ್ಲಿ ಅಗಲವಾಗಿತ್ತು, ಸಂಗ್ರಾಮನದೂ ಹಾಗೇ ಇತ್ತು. ಒಂದು ಕ್ಷಣ ಆಕೆಯ ಕೈ ಅಲ್ಲೇ ನಿಂತಿತು. ಆಮೇಲೆ ಬಲ ಅಂಗೈಯನ್ನು ಅದರ ಮೇಲೆ ಮುಚ್ಚಿದಳು. "ಸಡಲ ಬಿಡ್ರಿ. ಇನ್ನೂ ಸಡಲ."

ಅವರು ಬೀಸಿದರು. ಮೆಲ್ಲಗೆ ಒಂದು ಟಕ್ ಸದ್ದು. ಚೆಂಡು ಎದ್ದು ನೇರ ಹೋಗಿ ಬಲೆಯ ನಡುವಿಗೆ ಬಡಿಯಿತು. ಸ್ಟಿಕ್ ಹೆಗಲ ಮೇಲಿದ್ದಂತೆಯೇ ಅವರು ನಿಂತುಬಿಟ್ಟರು.

"ಇನ್ನೊಂದ ಇಡು."

ಅದೂ ಹಾಗೇ ಹೋಯಿತು.

"ಸಂಗ್ರಾಮಗ ಇದನ್ನ ಯಾರ ಕಲಿಸಿದ್ರು?"

"ನಾನ ಕಲಿಸಿದ್ನಿರಿ. ನಮ್ಮಪ್ಪ ನಿಪ್ಪಾಣಿ ಬಿಟ್ಟ ಬೆಳಗಾವಿ ಗಾಲ್ಫ್ ಮೈದಾನದಾಗ ಮಾಲಿ ಕೆಲಸಕ್ಕಿದ್ರು. ಸಣ್ಣಾಕಿ ಇದ್ದಾಗಿಂದ ಹುಲ್ಲ ಕೊಯ್ಕೋತ ಅಲ್ಲೇ ಕಲ್ತೇನಿ. ನಿಮ್ಮ ಮಗ ಅಲ್ಲಿ ಕಾಲೇಜಿಗೆ ಬಂದಾಗ..."

"ಹಿಂಗ ಕೈ ಹಿಡದ?"

"ಹೌದ್ರಿ."

ಅವರು ಸ್ಟಿಕ್ಕನ್ನು ಗೋಡೆಗೆ ಒರಗಿಸಿ ಪಂಪಿನ ತೊಟ್ಟಿಗೆ ನಡೆದರು. ಅಂಗಿಯ ತೋಳು ಮಡಚಿ ಕೈ ತೊಳೆದರು. ಮೊದಲು ಬೆರಳು, ಆಮೇಲೆ ಮೊಣಕೈಯವರೆಗೆ, ಮತ್ತೆ ಬೆರಳು. ಊಟಕ್ಕೆ ಮೊದಲು ಯಾರಾದರೂ ಕೈ ತೊಳೆಯುತ್ತಾರೆ. ಅವರು ಊಟಕ್ಕೆ ಹೊರಟಿರಲಿಲ್ಲ. ಪ್ರಾಜಕ್ತಾ ಬಲೆಯ ಹತ್ತಿರ ಹೋಗಿ ಚೆಂಡುಗಳನ್ನು ಆರಿಸತೊಡಗಿದಳು. ಆರಿಸಿ ಮುಗಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಬಗ್ಗಿಕೊಂಡಿದ್ದಳು.

ಮರುದಿನ ಮಾವ ಬಂದಾಗ ಭರತನೂ ಜೊತೆಗಿದ್ದ. ಟ್ರ್ಯಾಕ್ಟರ್ ಇರಲಿಲ್ಲ. ಅವನ ಕಾಲಲ್ಲಿ ಹೊಸ ಬಿಳಿ ಬೂಟು.

"ಪಟ್ಟಿ ಇರಲಿ," ಎಂದರು ರಾವಸಾಹೇಬರು. "ನೇಗಿಲ ಹೊಡಸೂದಿಲ್ಲ. ನನ್ನ ಮಗ ಸುಮ್ಮನ ಹುಚ್ಚಾಗಿದ್ದಿಲ್ಲ."

ಪ್ರಾಜಕ್ತಾ ಅವರಿಗೆಂದು ಚೆಂಡು ಇಡಲು ಬಗ್ಗಿದಳು. ಅವರ ಮಾತು ಇನ್ನೂ ಮುಗಿದಿರಲಿಲ್ಲ.

"ಆದ್ರ ಇನ್ನ ಮ್ಯಾಲ ಭರತ ಕಲಿಸ್ತಾನ. ಬಂದಬಂದವರ ಕೈ ಹಿಡಿಯೂದು ನಮ್ಮ ಮನಿ ಸೊಸಿಗೆ ಚಂದಲ್ಲ. ನೀ ಇವಗ ತೋರಿಸಿ ಕೊಡು, ಸಾಕು."

ನಮ್ಮ ಮನೆ ಸೊಸೆ. ಆ ಮಾತನ್ನು ಅವರ ಬಾಯಿಂದ ಆಕೆ ಕೇಳಿದ್ದು ಅದೇ ಮೊದಲು.

"ತೋರಿಸಿ ಕೊಟ್ಟ ಮ್ಯಾಲ ನಾ ಏನ ಮಾಡ್ಲಿ ಮಾವಾರ?"

"ಕಾಳಕಡಿ ಮನಿಯಿಂದ ಬರ್ತೈತಿ. ಉಂಡಕೊಂತ ಇರು. ನಿನಗ ಯಾರ ಏನ ಅಂದಾರ?"

ಭರತ ಆಗಲೇ ಸ್ಟಿಕ್ ಹಿಡಿದು ಅತ್ತಿಗೆಯ ಕಡೆ ತಿರುಗಿ ನಿಂತಿದ್ದ. "ಬರ್ರಿ ವೈನಿ, ಲಗೂ ಕಲಸ್ರಿ. ರವಿವಾರ ಡಾಕ್ಟರ್ ಸಾಹೇಬ್ರು ಬರ್ತಾರ, ಮರ್ಯಾದಿ ಹೋಗಬಾರದು. ಹಿಂಗೇನ್ರಿ?"

ಅವನ ಬಲಗೈ ಜಾರಿ ಹಿಡಿಯ ಅಡಿಗೆ ಸೇರಿತ್ತು. ಹೀಗೆ ಹಿಡಿದರೆ ಚೆಂಡು ಪ್ರತಿ ಸಲ ಎಡಕ್ಕೇ ತಿರುಗುತ್ತದೆ. ಕೈಗೆ ಒಮ್ಮೆ ಕೂತ ಹಿಡಿತವನ್ನು ಬಿಡಿಸುವುದು ಕಷ್ಟ. ಸ್ಟಿಕ್ಕನ್ನೇ ತಪ್ಪಾಗಿ ಹಿಡಿಯುವವನ ಹತ್ತಿರ ಡಾಕ್ಟರರು ಹೆಚ್ಚು ದಿನ ಬರುವುದಿಲ್ಲ. ಅವರು ಬರುವುದು ನಿಂತರೆ ಈ ಹುಲ್ಲಿಗೂ ನೇಗಿಲು ಬೀಳುತ್ತದೆ. ಇದೆಲ್ಲ ಆಕೆಗೆ ಗೊತ್ತಿತ್ತು. ಒಂದು ಮಾತು ಹೇಳಿದ್ದರೆ ಸಂಗ್ರಾಮನ ಪಟ್ಟಿ ಉಳಿಯುತ್ತಿತ್ತು, ಬೇರೆಯವರ ಕೈಯಲ್ಲಾದರೂ.

ಇಬ್ಬರೂ ಆಕೆಯ ಕಡೆ ನೋಡುತ್ತಿದ್ದರು.

"ಬರೋಬ್ಬರಿ ಐತಿ ಭರತ, ಹಿಂಗ ಹಿಡಿ," ಎಂದಳು.

ಅವನು ಬೀಸಿದ. ಚೆಂಡು ಎಡಕ್ಕೆ ಬಾಗಿ, ಬಲೆಯ ಆಚೆ, ಪಕ್ಕದ ಹೊಲದವರ ಇನ್ನೂ ಕಡಿಯದ ಕಬ್ಬಿನಲ್ಲಿ ಬಿತ್ತು.

"ಯಾಕ್ರಿ ವೈನಿ ಹಂಗ ಹೋತು?"

"ಜೋರ ಸಾಲಲಿಲ್ಲ," ಎಂದಳು ಪ್ರಾಜಕ್ತಾ. "ಇನ್ನೂ ಬಿಗಿ ಹಿಡದ ಹೊಡಿ."

ರಾವಸಾಹೇಬರು ಹೌದೆನ್ನುವಂತೆ ತಲೆಯಾಡಿಸಿದರು. ಆಕೆ ಬಗ್ಗಿ ಇನ್ನೊಂದು ಚೆಂಡು ಇಟ್ಟಳು.