ಚಿತ್ರದಲ್ಲಿ ಮನುಷ್ಯರಿಲ್ಲ

"ಕಿಟಕಿ ಬಿಟ್ಟು ಹಿಂದಕ್ಕೆ ನಿಂತ್ಕೊ. ನಿಂತ್ಕೊ ಅಂದ್ನಲ್ಲ. ನಿಮ್ಮೋರು ಒಬ್ಬರು ಬಂದು ಹೋದ್ರೆ ಸಂಜೆವರೆಗೂ ನಾತ ಹೋಗಲ್ಲ ಇಲ್ಲಿ."

ನಗರಸಭೆಯ ಗುಮಾಸ್ತ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡೇ ಮಾತಾಡಿದ. ಅವಳು ಬೆಳಿಗ್ಗೆ ಎರಡು ಸಲ ಸೋಪು ಹಚ್ಚಿ ಮಿಂದು ಬಂದಿದ್ದಳು. ಒಂದು ಹೆಜ್ಜೆ ಹಿಂದೆ ಸರಿದಳು. ಅಲ್ಲಿಂದ ಮಾತಾಡಿದರೆ ಅವನಿಗೆ ಕೇಳಿಸುತ್ತಿರಲಿಲ್ಲ. ಕೇಳಿಸುವಂತೆ ಮಾತಾಡಿದರೆ ಕೂಗಾಡಬೇಡ ಅನ್ನುತ್ತಿದ್ದ.

ಅವಳು ಕೇಳಿದ್ದು ಒಂದೇ. ಗಂಡ ಚರಂಡಿ ಗುಂಡಿಗೆ ಇಳಿದಾಗ ಸತ್ತ, ಅದನ್ನು ಹಾಗೆಯೇ ಬರೆದುಕೊಳ್ಳಿ. ಕೆಲಸದ ಮೇಲೆ ಸತ್ತವನೆಂದು ಬರೆದರೆ ಕೂಲಿಯವರ ಸಾಲಿನ ಆ ಒಂದು ಕೋಣೆ ಅವಳಿಗೂ ಅತ್ತೆಗೂ ಉಳಿಯುತ್ತಿತ್ತು. ಇಲ್ಲವಾದರೆ ತಿಂಗಳ ಕೊನೆಗೆ ಪಾತ್ರೆಪಗಡೆ ಬೀದಿಗೆ. ಬಾಗಿಲಿಗೆ ನೋಟೀಸು ಅಂಟಿಸಿ ಎಂಟು ದಿನವಾಗಿತ್ತು.

"ಗುಂಡೀಲಿ ಸತ್ತ ಅಂತ ನೀನು ಹೇಳಿದ್ರಾಯ್ತಾ?" ಎಂದ ಗುಮಾಸ್ತ. "ಮುಚ್ಚಿಡೋ ಕಾಲ ಹೋಯ್ತಮ್ಮ. ಈಗ ಎಲ್ಲಾ ಪಾರದರ್ಶಕ. ತಗೋ, ನೀನೇ ನೋಡು."

ಕಂಪ್ಯೂಟರಿನ ಪರದೆಯನ್ನು ಅವಳತ್ತ ತಿರುಗಿಸಿದ. ಅವನ ತಲೆಯ ಮೇಲಿನ ಗೋಡೆಯಲ್ಲೂ ಅದೇ ಜಾಲತಾಣದ ಬೋರ್ಡು ತೂಗುತ್ತಿತ್ತು: ನಿಮ್ಮ ದೂರು, ನಿಮ್ಮ ಕಣ್ಣೆದುರು. ಊರಿನ ಯಾರು ಬೇಕಾದರೂ ದೂರು ಕೊಡಬಹುದು, ಅದರ ಗತಿ ಏನಾಯಿತೆಂದು ಯಾರು ಬೇಕಾದರೂ ನೋಡಬಹುದು. ಇಪ್ಪತ್ತನಾಲ್ಕು ಗಂಟೆಯೊಳಗೆ ಕೆಲಸ ಮುಗಿಸಿ ಫೋಟೋ ಹಾಕಿದರೆ ಹಸಿರು, ಇಲ್ಲದಿದ್ದರೆ ಕೆಂಪು.

ಅವಳ ಗಂಡನ ಗುಂಡಿಗೆ ಹಸಿರು ಬಿದ್ದಿತ್ತು. ಇಪ್ಪತ್ಮೂರು ಗಂಟೆ ನಲವತ್ತಾರು ನಿಮಿಷ. ಯಂತ್ರದಿಂದ ಸ್ವಚ್ಛಗೊಳಿಸಲಾಗಿದೆ. ಮನುಷ್ಯರನ್ನು ಇಳಿಸಿಲ್ಲ. ಕೆಳಗೆ ಫೋಟೋ. ಹಿಂದೆ ಯಂತ್ರದ ಗಾಡಿ, ಮುಂದೆ ತೆರೆದ ಗುಂಡಿ, ಸುತ್ತ ನರಪಿಳ್ಳೆಯಿಲ್ಲ.

ಗುಂಡಿಯ ಅಂಚಿಗೆ ಒಂದು ಜೊತೆ ಚಪ್ಪಲಿ ಇತ್ತು.

ಎಡಗಾಲಿನದರ ಬಾರು ಹರಿದಿತ್ತು. ಬೇರೆ ದಾರ ಸಿಗದೆ ಅವಳೇ ಕೆಂಪು ದಾರದಲ್ಲಿ ಹೊಲಿದುಕೊಟ್ಟಿದ್ದಳು. ಮದುವಣಿಗನ ಚಪ್ಪಲಿ ಥರ ಇದೆ ಅಂತ ಜೊತೆಯವರು ಅವನನ್ನು ಎರಡು ದಿನ ಆಡಿಕೊಂಡಿದ್ದರು.

"ಅದು ಅವರದೇ ಸ್ವಾಮಿ, ಆ ಚಪ್ಪಲಿ."

"ಹೆಸರು ಕೆತ್ತಿದ್ದಾನಾ ಅದ್ರ ಮೇಲೆ?" ಗುಮಾಸ್ತ ಪರದೆಯನ್ನು ತನ್ನತ್ತ ತಿರುಗಿಸಿಕೊಂಡ. "ಎದೆನೋವು ಬಂದು ರಸ್ತೇಲಿ ಬಿದ್ದ ಅಂತ ಡಾಕ್ಟ್ರು ಬರೆದವ್ರೆ. ಇಲ್ಲಿ ನೋಡಿದ್ರೆ ಗುಂಡಿಗೆ ಯಾರೂ ಇಳಿದೇ ಇಲ್ಲ. ಇಡೀ ಊರು ನೋಡ್ತಾ ಇರೋದು ಸುಳ್ಳು, ನೀನು ಹೇಳೋದು ನಿಜಾನಾ?"

ಆಮೇಲೆ ಮೇಜಿನ ಅಂಚನ್ನು ಒರೆಸಿದ. ಅವಳು ಅದನ್ನು ಮುಟ್ಟಿರಲಿಲ್ಲ.

ಮನೆಗೆ ಬಂದರೆ ಹೊಸ್ತಿಲ ಹೊರಗೆ ಅದೇ ಚಪ್ಪಲಿ. ಹೆಣದ ಹಿಂದೆಯೇ ಹಗ್ಗದಣ್ಣ ತಂದಿಟ್ಟು ಹೋಗಿದ್ದ. ಅತ್ತೆ ಒಳಗೆ ತರಲೂ ಬಿಟ್ಟಿರಲಿಲ್ಲ, ಎಸೆಯಲೂ ಬಿಟ್ಟಿರಲಿಲ್ಲ. ದಿನಾ ಗುಡಿಸುವಾಗ ಪೊರಕೆ ಅದರ ಸುತ್ತ ಬಳಸಿಕೊಂಡು ಹೋಗುತ್ತಿತ್ತು.

ಹಗ್ಗದಣ್ಣ ಎಂದರೆ ಅವಳ ಗಂಡ ಕೆಳಗಿಳಿದಾಗ ಮೇಲೆ ಹಗ್ಗ ಹಿಡಿದು ನಿಲ್ಲುತ್ತಿದ್ದವನು. ಹನ್ನೊಂದು ವರ್ಷ ಅದೇ ಜೋಡಿ. ಚಪ್ಪಲಿ ಇಟ್ಟುಹೋದ ಮೇಲೆ ಈ ಬಾಗಿಲಿಗೆ ಮುಖ ತೋರಿಸಿರಲಿಲ್ಲ. ಆ ಸಂಜೆ ಅವಳೇ ಅವನ ಕೋಣೆಗೆ ಹೋಗಿ ಫೋಟೋದಲ್ಲಿ ಚಪ್ಪಲಿ ಕಂಡದ್ದನ್ನು ಹೇಳಿದಳು. ಅವನು ಗೋಡೆ ನೋಡುತ್ತಾ ಹೇಳತೊಡಗಿದ.

ಗಾಡಿಯ ಪಂಪು ಕೆಟ್ಟು ವರ್ಷವಾಗಿತ್ತು. ಗಾಡಿ ಬರುತ್ತಿದ್ದದ್ದು ಫೋಟೋಗೆ. ಅವತ್ತು ಕೆಸರು ಗಟ್ಟಿಯಾಗಿತ್ತು, ಗಡುವಿಗೆ ಇಪ್ಪತ್ತು ನಿಮಿಷ ಕೂಡ ಉಳಿದಿರಲಿಲ್ಲ. ಮೇಲ್ವಿಚಾರಕನ ಹೆಸರಿಗೆ ಆ ತಿಂಗಳು ಆಗಲೇ ಎರಡು ಕೆಂಪು ಬಿದ್ದಿದ್ದವು, ಮೂರಾದರೆ ಅವನ ಕುರ್ಚಿ ಹೋಗುತ್ತಿತ್ತು. ಕೆಳಗಿರೋ ಇವನು ಮೇಲೆ ಬರೋವರೆಗೂ ಕಾಯೋಕಾಗಲ್ಲ, ಫೋಟೋ ಈಗಲೇ ತೆಗೀತೀನಿ ಎಂದ. ಆದರೆ ಆಫೀಸು ಕೊಟ್ಟ ಆ ಫೋನು ಮನುಷ್ಯರಿರುವ ಫೋಟೋ ತಗೊಳ್ಳುವುದಿಲ್ಲ. ಬೆರಳು ಕಂಡರೂ ವಾಪಸು ಕಳಿಸುತ್ತದೆ. ಹಗ್ಗ ಬಿಟ್ಟು ಗಾಡಿಯ ಹಿಂದೆ ನಿಲ್ಲು, ಒಂದು ನಿಮಿಷ ಅಂದ.

"ಬಿಟ್ಟೆ ತಂಗಿ," ಎಂದ ಹಗ್ಗದಣ್ಣ. "ಹಗ್ಗಾನ ಗುಂಡಿಯೊಳಕ್ಕೆ ಬಿಟ್ಟೆ. ಆ ಬೋಳಿಮಗ ನಾಲ್ಕು ಸಲ ತೆಗ್ದ. ಒಂದ್ರಲ್ಲಿ ಬಿಸಿಲು ಜಾಸ್ತಿ, ಒಂದ್ರಲ್ಲಿ ನನ್ನ ನೆರಳು. ಅಷ್ಟರಲ್ಲಿ ಅವನು ಕೆಳಗೆ, ಮೇಲೆತ್ತು ಅಂತ ಹಗ್ಗಾನ ಎಷ್ಟು ಸಲ ಎಳೆದನೋ."

ಚಪ್ಪಲಿ ಮಾತ್ರ ಅಲ್ಲೇ ಉಳಿದದ್ದಕ್ಕೆ ಕಾರಣವಿತ್ತು. ಇಳಿಯುವವನು ಚಪ್ಪಲಿಯನ್ನು ಗುಂಡಿಗೆ ಬೆನ್ನು ಮಾಡಿ, ರಸ್ತೆಯ ಕಡೆ ಮುಖ ಮಾಡಿ ಬಿಡುತ್ತಾನೆ. ಮೇಲೆ ಬಂದವನು ಹಾಗೇ ಮೆಟ್ಟಿಕೊಂಡು ಮನೆಗೆ ನಡೆಯಬೇಕು. ಅವನು ಒಳಗಿರುವಾಗ ಬೇರೆ ಯಾರೂ ಅದನ್ನು ಮುಟ್ಟುವುದಿಲ್ಲ. ಮುಟ್ಟಿದರೆ ನೀನಿನ್ನು ಬರಬೇಡ ಎಂದಂತೆ. ಹಗ್ಗ ಬಿಡು ಎಂದಾಗ ಬಿಟ್ಟವನು ಚಪ್ಪಲಿ ತೆಗಿ ಎಂದಿದ್ದರೆ ತೆಗೆಯುತ್ತಿರಲಿಲ್ಲ. ಮೇಲ್ವಿಚಾರಕ ಅದನ್ನು ಗಮನಿಸಿರಲೇ ಇಲ್ಲ.

ಇದನ್ನು ಆಫೀಸಿನಲ್ಲಿ ಬಂದು ಹೇಳುತ್ತೀಯಾ ಅಣ್ಣಾ ಎಂದು ಅವಳು ಕೇಳಿದಳು. ಅವನ ಹೆಂಡತಿ ಒಲೆಯ ಮುಂದಿನಿಂದ ತಲೆಯೆತ್ತಿ ನೋಡಿದಳು. ಅವರದೂ ಅದೇ ಸಾಲಿನ ಕೋಣೆ.

ಅವಳು ಫೋನಿನಲ್ಲಿ ಜಾಲತಾಣ ತೆರೆದಳು. ದೂರಿನ ವಿಧ ಕೇಳಿತು. ಬೀದಿದೀಪ, ಬೀದಿನಾಯಿ, ಕಸ, ಕಟ್ಟಿಕೊಂಡ ಚರಂಡಿ, ಇತರೆ. ಇತರೆ ಒತ್ತಿ ಬರೆದಳು: ಈ ಫೋಟೋ ತೆಗೆಯುವಾಗ ನನ್ನ ಗಂಡ ಒಳಗಿದ್ದರು. ಅಲ್ಲಿರುವ ಚಪ್ಪಲಿ ಅವರದು.

ಮಾರನೆಯ ದಿನ ಉತ್ತರ ಬಂತು. ಧನ್ಯವಾದ. ನಿಮ್ಮ ದೂರನ್ನು ಸರಿಪಡಿಸಲಾಗಿದೆ. ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ?

ಅವಳು ಹಳೆಯ ಫೋಟೋ ಹುಡುಕಿದಳು. ಗಾಡಿ ಇತ್ತು, ಗುಂಡಿ ಇತ್ತು. ಚಪ್ಪಲಿ ಇದ್ದ ಕೆಳಗಿನ ಒಂದು ಬೆರಳಗಲ ಇರಲಿಲ್ಲ.

"ಏನಂತೆ?" ಎಂದಳು ಅತ್ತೆ.

"ಸರಿಪಡಿಸಿದ್ರಂತೆ."

"ಯಾರನ್ನ?"

ಅವಳು ಜಾಲತಾಣವನ್ನು ಮತ್ತೆ ತೆರೆದಳು. ಆ ಗುಂಡಿ ಮತ್ತೆ ಕಟ್ಟಿಕೊಳ್ಳತೊಡಗಿದೆ ಎಂದು ಸಾಲಿನ ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ಈ ಸಲ ಇತರೆ ಒತ್ತಲಿಲ್ಲ. ಕಟ್ಟಿಕೊಂಡ ಚರಂಡಿ ಎಂದು ಒತ್ತಿದಳು. ಇಪ್ಪತ್ತನಾಲ್ಕು ಗಂಟೆಯ ಗಡಿಯಾರ ಓಡತೊಡಗಿತು. ಅವರು ಬರಲೇಬೇಕು, ಫೋಟೋ ತೆಗೆಯಲೇಬೇಕು. ಆ ಫೋಟೋದ ನಟ್ಟನಡುವೆ, ಕತ್ತರಿಸಲಾಗದ ಹಾಗೆ, ಚಪ್ಪಲಿ ಇಡುವುದು. ಅವಳು ಯೋಚಿಸಿದ್ದು ಅಷ್ಟೇ.

ಮರುದಿನ ಗಾಡಿ ಬರುವಾಗ ಗಡುವಿಗೆ ಇಪ್ಪತ್ತು ನಿಮಿಷವಿತ್ತು. ಹೊಸ್ತಿಲ ಚಪ್ಪಲಿಯನ್ನು ಮಡಿಲಿಗೆ ಹಾಕಿಕೊಂಡು ಅವಳು ಗುಂಡಿಯ ಬಳಿ ಕಾಯುತ್ತಿದ್ದಳು. ಡ್ರೈವರು ಇಳಿದ, ಮೇಲ್ವಿಚಾರಕ ಇಳಿದ, ಹಗ್ಗದಣ್ಣ ಇಳಿದ. ನಾಲ್ಕನೆಯವರು ಯಾರೂ ಇರಲಿಲ್ಲ. ಹಗ್ಗದಣ್ಣ ಮುಚ್ಚಳ ಸರಿಸಿದ. ಅವಳು ಮಡಿಲಿನಿಂದ ಚಪ್ಪಲಿ ತೆಗೆದು ಅಂಚಿಗಿಟ್ಟಳು, ರಸ್ತೆಯ ಕಡೆ ಮುಖ ಮಾಡಿ. ಹಗ್ಗದಣ್ಣ ಅದನ್ನೂ ಅವಳನ್ನೂ ನೋಡಿದ. ಅಂಗಿ ಬಿಚ್ಚಿದ. ತನ್ನ ಚಪ್ಪಲಿ ಕಳಚಿ, ಅದರ ಪಕ್ಕದಲ್ಲೇ, ಅದೇ ಕಡೆ ಮುಖ ಮಾಡಿ ಇಟ್ಟ. ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಳ್ಳತೊಡಗಿದ.

ಇವತ್ತು ಇಳಿಯುವವನು ಅವನೇ ಎಂಬುದು ಅವಳಿಗೆ ಆಗ ಹೊಳೆಯಿತು. ಕರೆಸಿದವಳು ಅವಳೇ.

"ಅಣ್ಣಾ, ಇಳೀಬೇಡ."

"ಸುಮ್ನಿರು ತಂಗಿ. ಇಳಿದ್ರೆ ನಾನೊಬ್ಬ ಹೋಗ್ತೀನಿ, ಇಳೀದಿದ್ರೆ ಮನೆ ಹೋಗ್ತದೆ."

ಮೇಲ್ವಿಚಾರಕ ಫೋನು ಹಿಡಿದು ಬಂದ. "ಈ ಮುಂಡೆ ಯಾಕೆ ಬಂದವಳೆ ಇಲ್ಲಿಗೆ? ಏಯ್, ಮೊದಲು ಆ ಚಪ್ಪಲಿ ತೆಗೀರೋ. ಅವತ್ತು ಅದರಿಂದ ನನ್ನ ಮಾನ ಹೋಗಿದ್ದು ಸಾಲ್ದಾ?"

ಹಗ್ಗದಣ್ಣ ಕದಲಲಿಲ್ಲ. ಮೇಲ್ವಿಚಾರಕ ಡ್ರೈವರಿಗೆ ಹೇಳಿದ. ಡ್ರೈವರು ಕೈ ಹಿಂದಕ್ಕೆ ಕಟ್ಟಿಕೊಂಡು, ಒಬ್ಬ ಇಳಿಯೋಕೆ ನಿಂತವ್ನೆ ಸಾರ್, ಮುಟ್ಟಬಾರದು ಅಂದ.

"ಥೂ, ಸೂಳೆಮಕ್ಕಳಾ." ಬಗ್ಗಿ ಕೈಯಲ್ಲೆತ್ತುವುದು ಅವನಿಂದಾಗಲಿಲ್ಲ. ಬೂಟಿನ ತುದಿಯಿಂದ ಒದ್ದ. ಮೂರು ಚಪ್ಪಲಿ ರಸ್ತೆಗೆ ಹಾರಿದವು. ಕೆಂಪು ದಾರದ್ದು ಮಾತ್ರ ಒಂದು ಸುತ್ತು ತಿರುಗಿ ಗುಂಡಿಗೆ ಬಿತ್ತು. ಸದ್ದು ಕೇಳಲು ಸ್ವಲ್ಪ ಹೊತ್ತು ಹಿಡಿಯಿತು.

ಹಗ್ಗದಣ್ಣ ಸೊಂಟದ ಗಂಟನ್ನು ಬಿಚ್ಚತೊಡಗಿದ.

ಅವಳು ಸೀರೆಯನ್ನು ಮೊಣಕಾಲಿಗೆ ಒತ್ತಿ ಹಿಡಿದುಕೊಂಡು ಗುಂಡಿಯ ಅಂಚಿನಲ್ಲಿ ಕೂತಳು. ಎರಡೂ ಕಾಲನ್ನು ಒಳಗೆ ಇಳಿಬಿಟ್ಟಳು. ಕೆಳಗಿನಿಂದ ಬೆಚ್ಚನೆಯ ಹಬೆ ಪಾದಕ್ಕೆ ತಾಗಿತು. ಈ ನಾತ ಅವನ ಕೂದಲಲ್ಲಿ, ದಿಂಬಿನಲ್ಲಿ ಇರುತ್ತಿತ್ತು.

"ಏಳೇ ಮೇಲೆ. ಪೊಲೀಸರನ್ನ ಕರೀತೀನಿ."

"ಕರೀರಿ ಸ್ವಾಮಿ. ಆರು ನಿಮಿಷ ಐತೆ. ಮೊದ್ಲು ಫೋಟೋ ತೆಗೀರಿ."

ಅವನು ಆ ಬದಿಗೆ ಹೋದ, ಈ ಬದಿಗೆ ಬಂದ, ಗಾಡಿಯ ಮೆಟ್ಟಿಲು ಹತ್ತಿದ. ಎಲ್ಲಿ ನಿಂತರೂ ಗುಂಡಿಯ ಜೊತೆ ಅವಳು. ತಲೆ ಬಿಟ್ಟರೆ ಭುಜ, ಭುಜ ಬಿಟ್ಟರೆ ಕೈ. ಆದರೂ ತೆಗೆದ. ಫೋನು ಒಂದು ಕ್ಷಣ ಸುಮ್ಮನಿದ್ದು, ತರಬೇತಿ ಕೊಟ್ಟ ಹೆಣ್ಣುದನಿಯಲ್ಲಿ, ತುಂಬ ಮರ್ಯಾದೆಯಿಂದ ಹೇಳಿತು:

ಚಿತ್ರದಲ್ಲಿ ಮನುಷ್ಯರಿದ್ದಾರೆ. ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ.

ಅವನು ಮತ್ತೊಮ್ಮೆ ಒತ್ತಿದ.

ಚಿತ್ರದಲ್ಲಿ ಮನುಷ್ಯರಿದ್ದಾರೆ.